ಪುಣೆಯ ಲಾನ್‌ಗೆ ವಸಂತ ಅಂದರೆ ಆರೇಳು ವಾರ ಅಷ್ಟೇ

ಶಿವರಾತ್ರಿ ಬಂತು ಅಂದರೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ ಅನ್ನುವ ಮಾತು ಧಾರವಾಡದಲ್ಲಿ ಎಷ್ಟು ನಿಜವೋ ಪುಣೆಯಲ್ಲೂ ಅಷ್ಟೇ ನಿಜ. ಅದೇ ಹೊತ್ತಿಗೆ ಬಾಣೇರ್, ವಾಕಡ್, ಕೋಥ್ರೂಡ್ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ರೋ ಹೌಸ್ ಮುಂದಿನ ಅಂಗಳವೋ, ನೆಲಮಹಡಿ ಫ್ಲ್ಯಾಟಿನ ಹಿಂದಿನ ಪುಟ್ಟ ತೋಟವೋ, ಅಲ್ಲಿನ ಹುಲ್ಲು ಕಂದು ಬಣ್ಣಕ್ಕೆ ತಿರುಗಿದೆ. ಏನು ಹಾಕಬೇಕು?

ಫೋನಿನಲ್ಲಿ ಹುಡುಕಿದರೆ ಸಿಗುವ ವಿಡಿಯೋಗಳು ಹೆಚ್ಚಿನವು ಅಮೆರಿಕದವು, ಇಂಗ್ಲೆಂಡಿನವು. ಹಿಮ ಕರಗಿತು, ಇನ್ನು ಸುಣ್ಣ ಹಾಕಿ, ಬೀಜ ಬಿತ್ತಿ, ಗೊಬ್ಬರ ಸುರಿಯಿರಿ ಅಂತ ಅವರು ಹೇಳುತ್ತಾರೆ. ನ್ಯೂಜೆರ್ಸಿಯಲ್ಲಿರುವ ಭಾವನೂ ಅದೇ ಲಿಂಕ್ ಕಳಿಸಿರುತ್ತಾನೆ. ಅವರ ಊರಿಗೆ ಅದು ಸರಿ. ಪುಣೆಯಲ್ಲಿ ಅದನ್ನೇ ಮಾಡಿದರೆ ಎರಡು ಕೆಲಸ ದಂಡ, ಒಂದು ಹಾನಿ.

ಕಾರಣ ಸರಳ. ಅಲ್ಲಿ ವಸಂತದ ಮುಂದೆ ಇರುವುದು ಹಿತವಾದ ಬೇಸಿಗೆ. ಇಲ್ಲಿ ವಸಂತದ ಮುಂದೆ ಇರುವುದು ಏಪ್ರಿಲ್, ಮೇ. ಫೆಬ್ರವರಿಯಲ್ಲಿ ಹಗಲು 31, 32 ಡಿಗ್ರಿ ಇದ್ದದ್ದು ಏಪ್ರಿಲ್‌ನಲ್ಲಿ 38 ಮುಟ್ಟುತ್ತದೆ, ಕೆಲವು ದಿನ 40 ದಾಟುತ್ತದೆ. ಮಳೆ ಜೂನ್‌ವರೆಗೆ ಇಲ್ಲವೆಂದೇ ತಿಳಿಯಿರಿ. ಹೀಗಾಗಿ ಶಿವರಾತ್ರಿಯಿಂದ ಯುಗಾದಿ ಕಳೆದು ಒಂದೆರಡು ವಾರದವರೆಗೆ, ಅಂದರೆ ಸುಮಾರು ಆರೇಳು ವಾರ, ಹುಲ್ಲಿಗೆ ಸಿಗುವ ಒಳ್ಳೆಯ ಕಾಲ. ಅಷ್ಟರಲ್ಲಿ ಬೇರು ಕೆಳಗಿಳಿಯಬೇಕು. ಎಲೆ ಹಸಿರಾಗಿ ಕಾಣುವುದು ಆಮೇಲಿನ ಮಾತು. ಈ ಲೇಖನದಲ್ಲಿ ಬರುವ ಪ್ರತಿಯೊಂದು ಕೆಲಸವೂ ಆ ಬೇರಿಗಾಗಿಯೇ.

ನಿಮ್ಮದು ಯಾವ ಹುಲ್ಲು?

ಲಾನ್ ಹುಲ್ಲುಗಳಲ್ಲಿ ಎರಡು ಗುಂಪು. ಚಳಿ ದೇಶದ ಫೆಸ್ಕ್ಯೂ, ರೈ, ಬ್ಲೂಗ್ರಾಸ್‌ಗಳಿಗೆ 15ರಿಂದ 24 ಡಿಗ್ರಿ ಹಿತ. ನಮ್ಮ ಅಂಗಳದವು ಸೆಕೆಯ ಗುಂಪಿನವು. 27ರಿಂದ 35 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತವೆ, ರಾತ್ರಿ 15ಕ್ಕಿಂತ ಕೆಳಗಿಳಿದರೆ ಕುಗ್ಗುತ್ತವೆ. ಪುಣೆಯ ಡಿಸೆಂಬರ್, ಜನವರಿಯಲ್ಲಿ ಹಗಲು 29, 30 ಇದ್ದರೂ ರಾತ್ರಿ 11, 12ಕ್ಕೆ ಇಳಿಯುತ್ತದೆ. ಆದ್ದರಿಂದ ಹುಲ್ಲು ಪೂರ್ತಿ ನಿದ್ದೆ ಹೋಗುವುದಿಲ್ಲ, ತೂಕಡಿಸುತ್ತದೆ. ಮೇಲಿನ ಎಲೆ ಕಂದಾಗುತ್ತದೆ, ಬಳ್ಳಿ ಜೀವಂತ ಇರುತ್ತದೆ. ಮುಂಬೈ, ಗೋವಾಗಳಲ್ಲಿ ಇಷ್ಟು ಚಳಿ ಇಲ್ಲ, ಅಲ್ಲಿನ ಲಾನ್‌ಗೆ ಈ ತೂಕಡಿಕೆಯೂ ಅಷ್ಟಾಗಿ ಇಲ್ಲ.

ನರ್ಸರಿಯವರು ಹೇಳುವ ಹೆಸರನ್ನು ಪೂರ್ತಿ ನಂಬಬೇಡಿ. ಸೋಲಾಪುರ ರಸ್ತೆಯಲ್ಲಿ ಉರುಳಿ ಕಾಂಚನ್ ಕಡೆಗೆ ಸಾಲು ಸಾಲು ನರ್ಸರಿಗಳಿವೆ. ಒಂದೇ ಹುಲ್ಲು ಒಬ್ಬರಲ್ಲಿ ಮೆಕ್ಸಿಕನ್, ಇನ್ನೊಬ್ಬರಲ್ಲಿ ಕೊರಿಯನ್. ಕೂತು ಕೈಯಿಂದ ಮುಟ್ಟಿ ನೋಡುವುದೇ ಮೇಲು.

ಎಲೆ ಎರಡು ಮೂರು ಮಿಲಿಮೀಟರ್ ಅಗಲ, ಬಳ್ಳಿ ನೆಲದ ಮೇಲೂ ಓಡುತ್ತದೆ ಕೆಳಗೂ ಓಡುತ್ತದೆ, ತೆನೆ ಬಂದರೆ ಒಂದೇ ತುದಿಯಿಂದ ನಾಲ್ಕೈದು ಸಣ್ಣ ಬೆರಳು ಚಾಚಿದಂತೆ ಕಾಣುತ್ತದೆ ಅಂದರೆ ಅದು ಗರಿಕೆಯ ಜಾತಿ, ಬರ್ಮುಡಾ. ಗಣಪತಿಗೆ ಏರಿಸುವುದೂ ಇದನ್ನೇ. ‘ಸೆಲೆಕ್ಷನ್ ವನ್’ ಅಂತ ಮಾರುವುದೂ ಇದರದೇ ಸಣ್ಣೆಲೆಯ ತಳಿ. ಎಲೆ ಸೂಜಿಯಂತೆ ಗಟ್ಟಿ, ಅಂಗೈ ಇಟ್ಟರೆ ಚುಚ್ಚುತ್ತದೆ, ಅಲ್ಲಲ್ಲಿ ಉಬ್ಬುಬ್ಬಾಗಿ ದಿಬ್ಬವಾಗುತ್ತದೆ ಅಂದರೆ ಜೋಯ್ಸಿಯಾ. ಎಲೆ ಒಂದು ಸೆಂಟಿಮೀಟರಿನಷ್ಟು ಅಗಲ, ಕಾಂಡ ಚಪ್ಪಟೆ, ನೆರಳಿನಲ್ಲೂ ಹೇಗೋ ಬದುಕುತ್ತದೆ ಅಂದರೆ ಅದು ಅಗಲ ಎಲೆಯ ಕಾರ್ಪೆಟ್ ಹುಲ್ಲು.

ಇಷ್ಟು ಗೊತ್ತಾದರೆ ಒಂದು ಖರ್ಚು ಉಳಿಯುತ್ತದೆ: ಬೀಜ. ಸೆಲೆಕ್ಷನ್ ತಳಿಯನ್ನೂ ಇಲ್ಲಿನ ಜೋಯ್ಸಿಯಾವನ್ನೂ ಬೀಜದಿಂದ ಬೆಳೆಸುವುದಿಲ್ಲ, ಬೇರು ಬಳ್ಳಿಯ ತುಂಡು ನೆಟ್ಟೋ, ಹುಲ್ಲಿನ ಹಾಸು ತಂದೋ ಬೆಳೆಸುತ್ತಾರೆ. ಆನ್‌ಲೈನಿನಲ್ಲಿ ಸಿಗುವ ಚಂದದ ಪೊಟ್ಟಣದ, ಚಳಿ ದೇಶದ ಹುಲ್ಲಿನ ಬೀಜ ಫೆಬ್ರವರಿಯಲ್ಲಿ ಮೊಳೆಯುತ್ತದೆ, ಮೇ ತಿಂಗಳಲ್ಲಿ ಸಾಯುತ್ತದೆ.

ಬಿಸಿಲಿನ ಲೆಕ್ಕ

ಗೊಬ್ಬರದ ಅಂಗಡಿಗೆ ಹೋಗುವ ಮೊದಲು ಒಂದು ರಜಾದಿನ ಮೂರು ಸಲ ಲಾನ್ ನೋಡಿ. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡೂವರೆಗೆ, ಸಂಜೆ ನಾಲ್ಕಕ್ಕೆ. ನೆರಳು ಎಲ್ಲೆಲ್ಲಿ ಬಿದ್ದಿದೆ ಗಮನಿಸಿ. ನನ್ನ ಅಭಿಪ್ರಾಯದಲ್ಲಿ ಪುಣೆಯ ಅರ್ಧಕ್ಕರ್ಧ ಲಾನ್ ತೊಂದರೆಗಳು ಗೊಬ್ಬರದವಲ್ಲ, ನೆರಳಿನವು.

ಪುಣೆ ಇರುವುದು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ಸರಿದು 48 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗ 12 ಮೀಟರ್ ಎತ್ತರದ ಮನೆಯ ನೆರಳು ಉತ್ತರಕ್ಕೆ ಹೆಚ್ಚುಕಡಿಮೆ 11 ಮೀಟರ್ ಚಾಚುತ್ತದೆ. ಫೆಬ್ರವರಿ ಕೊನೆಗೆ ಅದೇ ನೆರಳು 6 ಮೀಟರ್. ಮಾರ್ಚ್ 21ಕ್ಕೆ 4 ಮೀಟರ್. ಮೇ 13ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೇ ಬಂದು ಮಧ್ಯಾಹ್ನದ ನೆರಳೇ ಇರುವುದಿಲ್ಲ, ಶೂನ್ಯ ನೆರಳಿನ ದಿನ ಅಂತ ಶಾಲೆಯ ಮಕ್ಕಳು ಕೋಲು ನೆಟ್ಟು ನೋಡುವುದು ಅದನ್ನೇ.

ಇದರ ಅರ್ಥ ಏನು? ನಿಮ್ಮ ಲಾನ್ ಮನೆಯ ಉತ್ತರಕ್ಕಿದ್ದರೆ ಅದು ಎರಡು ಮೂರು ತಿಂಗಳು ನೆರಳಲ್ಲೇ ಇತ್ತು. ಅಲ್ಲಿನ ಹುಲ್ಲು ತೆಳ್ಳಗಾಗಿದೆ, ಬೇರು ಮೇಲ್ಮೇಲೆ ಉಳಿದಿದೆ. ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ಪೂರ್ತಿ ಬಿಸಿಲು ಬೀಳುತ್ತದೆ. ಆ ಪಟ್ಟಿ ಒಣಗಿದ್ದನ್ನು ನೋಡಿ ರೋಗ ಬಂತು ಅಂತ ಔಷಧಿ ಹೊಡೆಸುವವರಿದ್ದಾರೆ. ರೋಗವಲ್ಲ ಅದು. ಆ ಪಟ್ಟಿಯನ್ನು ಎರಡು ಮೂರು ವಾರ ಎತ್ತರಕ್ಕೆ ಬಿಟ್ಟು ಕತ್ತರಿಸಿ, ಮಿಕ್ಕ ಜಾಗಕ್ಕಿಂತ ಒಂದು ದಿನ ಮುಂಚೆ ನೀರು ಕೊಡಿ, ತಾನೇ ಹೊಂದಿಕೊಳ್ಳುತ್ತದೆ.

ಗರಿಕೆಗೆ ದಿನಕ್ಕೆ ಆರು ತಾಸು ನೇರ ಬಿಸಿಲು ಬೇಕು. ಜೋಯ್ಸಿಯಾ ನಾಲ್ಕರಲ್ಲಿ ಬದುಕುತ್ತದೆ. ಪಕ್ಕದ ಟವರಿನಿಂದಾಗಿ ಅದೂ ಸಿಗದ ಜಾಗದಲ್ಲಿ ಹುಲ್ಲಿನ ಆಸೆ ಬಿಟ್ಟು ನಾಲ್ಕು ಕಲ್ಲು ಹಾಸು, ಒಂದಷ್ಟು ನೆರಳಿನ ಗಿಡ ಇಟ್ಟುಕೊಳ್ಳುವುದು ಜಾಣತನ. ಲಾನ್ ಸಣ್ಣದಾದರೆ ನೀರೂ ಉಳಿಯುತ್ತದೆ.

ಕೆಳಗೆ ಏನಿದೆ ನೋಡಿ

ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ತೆಗೆದುಕೊಳ್ಳಿ. ನೀರು ಹಾಕಿದ ಮಾರನೆಯ ದಿನ ಲಾನಿನ ಹತ್ತಾರು ಕಡೆ ಚುಚ್ಚಿ ನೋಡಿ. ಕೈಯ ಒತ್ತಡಕ್ಕೆ 12, 15 ಸೆಂಟಿಮೀಟರ್ ಸಲೀಸಾಗಿ ಇಳಿದರೆ ನೀವು ಪುಣ್ಯವಂತರು. ನಾಲ್ಕು ಸೆಂಟಿಮೀಟರಿಗೇ ನಿಂತು ಬಲ ಹಾಕಿದರೆ ನಿಧಾನಕ್ಕೆ ಇಳಿದರೆ ಮಣ್ಣು ತುಳಿದು ಗಟ್ಟಿಯಾಗಿದೆ. ‘ಟಕ್’ ಅಂತ ನಿಂತರೆ ಅದು ಮುರುಂ, ಇಲ್ಲವೇ ಬಿಲ್ಡರ್ ಹೂತುಹಾಕಿದ ಇಟ್ಟಿಗೆ ಚೂರು.

ಪುಣೆಯ ನೆಲ ದಖ್ಖನ್ನಿನ ಕಪ್ಪು ಬಸಾಲ್ಟ್ ಕಲ್ಲಿನದು. ಆ ಕಲ್ಲು ಕೊಳೆತು ಆದದ್ದೇ ಇಲ್ಲಿನ ಎರೆಮಣ್ಣು, ಅರೆಬರೆ ಕೊಳೆತದ್ದು ಮುರುಂ. ಹೊಸ ಸೊಸೈಟಿಗಳಲ್ಲಿ ಸಾಮಾನ್ಯವಾಗಿ ಕೆಳಗೆ ಮುರುಂ ತುಂಬಿ ಉರುಳೆ ಹೊಡೆದು, ಮೇಲೆ ಒಂದು ಗೇಣೂ ಇಲ್ಲದಷ್ಟು ಕೆಂಪು ಮಣ್ಣು ಹರಡಿ, ಅದರ ಮೇಲೆ ಹುಲ್ಲಿನ ಹಾಸು ಬಿಚ್ಚಿರುತ್ತಾರೆ. ಮನೆ ಕೈಗೆ ಬರುವ ದಿನ ನೋಡಲು ಚಂದ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಣ್ಣ ಬಯಲಾಗುತ್ತದೆ. ಬೇರಿಗೆ ಹೋಗಲು ಜಾಗವೇ ಇಲ್ಲ.

ಗಟ್ಟಿಯಾದ ಮಣ್ಣಿಗೆ ತೂತು ಹೊಡೆಯುವುದೇ ಮದ್ದು. ನಾಲ್ಕು ಮುಳ್ಳಿನ ಗಾರ್ಡನ್ ಫೋರ್ಕ್ ಸಾಕು. ಮಣ್ಣು ಹಸಿಯಾಗಿರಬೇಕು, ಆದರೆ ಕಾಲಿಗೆ ಅಂಟುವಂತಿರಬಾರದು. ಎಂಟು ಹತ್ತು ಸೆಂಟಿಮೀಟರ್ ಆಳಕ್ಕೆ ತುಳಿದು, ಹಿಡಿಯನ್ನು ಸ್ವಲ್ಪ ಹಿಂದಕ್ಕೆ ಎಳೆದು ಮಣ್ಣು ಸಡಿಲಿಸಿ, ತೆಗೆಯಿರಿ. ಗೇಣಿಗೊಂದು ಕಡೆ ಹೀಗೆ. ಮಣ್ಣಿನ ಉರುಟು ತುಂಡನ್ನೇ ಹೊರಗೆ ತೆಗೆಯುವ ಟೊಳ್ಳು ಮೊಳೆಯ ಉಪಕರಣ ಸಿಕ್ಕರೆ ಇನ್ನೂ ಒಳ್ಳೆಯದು, ಎರೆಮಣ್ಣಿಗಂತೂ ಅದೇ ಸರಿ. ಚಪ್ಪಲಿಗೆ ಕಟ್ಟಿಕೊಂಡು ನಡೆಯುವ ಮೊಳೆ ಚಪ್ಪಲಿ ಬರುತ್ತದೆ ನೋಡಿ, ಅದು ತಮಾಷೆಗೆ ಸರಿ. ಮೊಳೆ ಸಣ್ಣದು, ಸುತ್ತಲಿನ ಮಣ್ಣನ್ನು ಇನ್ನಷ್ಟು ಒತ್ತುತ್ತದೆ.

ಒಂದು ಎಚ್ಚರ. ನಿಮ್ಮ ತೋಟ ಪಾರ್ಕಿಂಗ್ ಮೇಲಿನ ಪೋಡಿಯಂ ಸ್ಲ್ಯಾಬಿನಲ್ಲಿದ್ದರೆ ಫೋರ್ಕ್ ಆಳಕ್ಕೆ ಒತ್ತಬೇಡಿ. ಮಣ್ಣಿನ ಕೆಳಗೆ ನೀರು ಸೋರದಂತೆ ಹಾಕಿದ ಪದರ ಇದೆ. ಅದಕ್ಕೆ ತೂತು ಬಿದ್ದರೆ ಕೆಳಗಿನವರ ಕಾರಿನ ಮೇಲೆ ನೀರು ತೊಟ್ಟಿಕ್ಕುತ್ತದೆ, ಸೊಸೈಟಿ ಮೀಟಿಂಗಿನಲ್ಲಿ ನಿಮ್ಮ ಹೆಸರು ಓಡಾಡುತ್ತದೆ. ಮಣ್ಣಿನ ಆಳ ಎಷ್ಟು ಅಂತ ಮೊದಲು ಕೇಳಿ ತಿಳಿದುಕೊಳ್ಳಿ, ಮುಳ್ಳು ಹತ್ತು ಸೆಂಟಿಮೀಟರ್ ದಾಟದಿರಲಿ.

ತೂತು ಹೊಡೆದ ಮೇಲೆ ತೆಳ್ಳಗೆ ಮಣ್ಣು ಹರಡಬೇಕು. ಜರಡಿ ಹಿಡಿದ ಮರಳು ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ಎರೆಹುಳ ಗೊಬ್ಬರ ಒಂದು ಪಾಲು. ಐದು ಮಿಲಿಮೀಟರ್ ಪದರ ಸಾಕು. 20 ಚದರ ಮೀಟರ್, ಅಂದರೆ ಸುಮಾರು 215 ಚದರ ಅಡಿ ಲಾನ್‌ಗೆ ಇದು 100 ಲೀಟರ್ ಆಗುತ್ತದೆ. ಪೊರಕೆಯ ಬೆನ್ನಿನಿಂದ ಎಳೆದು ತೂತುಗಳಿಗೆ ತುಂಬಿಸಿ. ಕೆಲಸ ಮುಗಿದಾಗ ಹುಲ್ಲಿನ ತುದಿ ಮಣ್ಣಿನ ಮೇಲೆ ಕಾಣುತ್ತಿರಬೇಕು, ಹೂತುಹೋಗಬಾರದು.

ಎರೆಮಣ್ಣಿನ ಮೇಲೆ ಬರೀ ಮರಳು ಚೆಲ್ಲಿ ಕಲಸುವುದು ಮಾತ್ರ ಬೇಡ. ಜೇಡಿಯಲ್ಲಿ ಸ್ವಲ್ಪ ಮರಳು ಸೇರಿದರೆ ಅದು ಸಡಿಲವಾಗುವ ಬದಲು ಗಟ್ಟಿ ಹೆಂಟೆಯಾಗುತ್ತದೆ. ಹಾಗೆಯೇ ಹಸಿ ಸಗಣಿ ಗೊಬ್ಬರ. ತೋಟದ ಮಾಳಿ ಮಾಮಾ ‘ಶೇಣಖತ ಟಾಕೂಯಾ’ (ಸಗಣಿ ಗೊಬ್ಬರ ಹಾಕೋಣ) ಅಂದ ತಕ್ಷಣ ಹೂಂ ಅನ್ನಬೇಡಿ. ಪೂರ್ತಿ ಕೊಳೆಯದ ಕೊಟ್ಟಿಗೆ ಗೊಬ್ಬರದಲ್ಲಿ ಕಳೆಯ ಬೀಜ ಇರುತ್ತದೆ, ಗೊಣ್ಣೆ ಹುಳುವಿನ ದುಂಬಿಯನ್ನೂ ಅದು ಕರೆಯುತ್ತದೆ. ಮುಟ್ಟಿದರೆ ಪುಡಿಪುಡಿಯಾಗಿ, ವಾಸನೆ ಇಲ್ಲದಂತಿದ್ದರೆ ಮಾತ್ರ ಹಾಕಿಸಿ.

ಸುಣ್ಣ ಬೇಡ

ವಿಡಿಯೋದವರು ಸುಣ್ಣ ಹಾಕಿ ಅನ್ನುವುದು ಅವರ ಮಣ್ಣು ಹುಳಿ ಅನ್ನುವ ಕಾರಣಕ್ಕೆ. ಬಸಾಲ್ಟಿನಿಂದಾದ ನಮ್ಮ ಮಣ್ಣು ಅದಕ್ಕೆ ಉಲ್ಟಾ, ಕ್ಷಾರ. ಪಿಎಚ್ (7ಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ) ಸಾಮಾನ್ಯವಾಗಿ 7.5ರಿಂದ 8.5. ಮೊದಲೇ ಸುಣ್ಣ ಜಾಸ್ತಿ. ನಂಬಿಕೆ ಬರದಿದ್ದರೆ ಒಂದು ಚಮಚ ಒಣ ಮಣ್ಣನ್ನು ತಟ್ಟೆಯಲ್ಲಿ ಹಾಕಿ ಮೇಲೆ ವಿನೆಗರ್ ಸುರಿಯಿರಿ. ಸಣ್ಣಗೆ ‘ಸುರ್’ ಅಂತ ನೊರೆ ಎದ್ದರೆ ಮಣ್ಣಿನಲ್ಲಿ ಸುಣ್ಣ ಇದೆ. ಬೋರ್‌ವೆಲ್ಲಿನ ಗಡಸು ನೀರು ಹಾಕುತ್ತಿದ್ದರೆ ವರ್ಷ ವರ್ಷ ಅದು ಇನ್ನೂ ಏರುತ್ತದೆ.

ಸುಣ್ಣ ಜಾಸ್ತಿ ಇದ್ದರೆ ಏನಾಗುತ್ತದೆ? ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಹುಲ್ಲು ಹಳದಿಯಾಗುತ್ತದೆ. ಜನ ಹಳದಿ ಕಂಡ ತಕ್ಷಣ ಯೂರಿಯಾ ಎರಚುತ್ತಾರೆ. ಇಲ್ಲಿ ಸ್ವಲ್ಪ ಕಣ್ಣು ಹತ್ತಿರ ತಂದು ನೋಡಬೇಕು. ಹಳೆಯ, ಕೆಳಗಿನ ಎಲೆಗಳು ಮೊದಲು ಹಳದಿಯಾಗಿದ್ದರೆ ಸಾರಜನಕದ ಕೊರತೆ. ಹೊಸ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರು ಗೆರೆಯಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ. ಎರಡನೆಯದಕ್ಕೆ ಫೆರಸ್ ಸಲ್ಫೇಟ್ ಲೀಟರಿಗೆ 5 ಗ್ರಾಂ ಕರಗಿಸಿ ಸಂಜೆ ಎಲೆಯ ಮೇಲೆ ಸಿಂಪಡಿಸಿದರೆ ಕೆಲವೇ ದಿನಗಳಲ್ಲಿ ಬಣ್ಣ ತಿರುಗುತ್ತದೆ. ಟೈಲ್ಸ್ ಮೇಲೆ ಬಿದ್ದರೆ ಕೂಡಲೇ ತೊಳೆಯಿರಿ, ತುಕ್ಕಿನ ಕಲೆ ಆಮೇಲೆ ಹೋಗುವುದಿಲ್ಲ.

ಕತ್ತರಿಸುವುದು, ಬಾಚುವುದು

ಹುಲ್ಲನ್ನು ಬೆರಳಿನಿಂದ ಬಿಡಿಸಿ ಬುಡ ನೋಡಿ. ಹಸಿರು ಎಲೆಗೂ ಮಣ್ಣಿಗೂ ನಡುವೆ ಕಂದು ಬಣ್ಣದ ಒಣ ಬಳ್ಳಿ, ಬೇರಿನ ಹೆಣಿಗೆ ಇರುತ್ತದೆ. ಒಂದು ಸೆಂಟಿಮೀಟರ್ ಒಳಗಿದ್ದರೆ ಅದು ನೆಲಕ್ಕೆ ತಂಪು, ಬಿಡಿ. ಅದಕ್ಕಿಂತ ದಪ್ಪವಾದರೆ ಹಳೇ ಕಂಬಳಿ ಹೊದಿಸಿದ ಹಾಗೆ. ಹಾಕಿದ ನೀರನ್ನು ತಾನೇ ಹೀರಿಕೊಂಡು ಕೆಳಗೆ ಬಿಡುವುದಿಲ್ಲ. ಬೇರೂ ಮಣ್ಣಿಗಿಳಿಯದೆ ಆ ಹೆಣಿಗೆಯಲ್ಲೇ ಉಳಿದುಬಿಡುತ್ತದೆ, ಏಪ್ರಿಲ್ ಬಿಸಿಲಿಗೆ ಮೊದಲು ಬೇಯುವುದು ಅದೇ.

ಗರಿಕೆ ಜಾತಿಯಾದರೆ, ಹೊಸ ಹಸಿರು ಬುಡದಲ್ಲಿ ಕಾಣಿಸಿದ ಮೇಲೆ, ಒಂದು ಸಲ ಎಂದಿಗಿಂತ ಸ್ವಲ್ಪ ಗಿಡ್ಡ ಕತ್ತರಿಸಿ. ಒಣ ಎಲೆ ಹೋಗಿ ಬಿಸಿಲು ಬುಡಕ್ಕೆ ತಾಗುತ್ತದೆ. ಆಮೇಲೆ ಕಬ್ಬಿಣದ ರೇಕ್ ಹಿಡಿದು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎಳೆಯಿರಿ. ರಾಶಿ ರಾಶಿ ಒಣ ಹುಲ್ಲು ಬರುತ್ತದೆ, ಲಾನ್ ನೋಡಲು ಪಾಪ ಅನ್ನಿಸುವಂತೆ ಆಗುತ್ತದೆ, ಹೆದರಬೇಡಿ. ಇದನ್ನು ಮಾರ್ಚ್ ಮೊದಲ ವಾರದೊಳಗೆ ಮುಗಿಸಬೇಕು. ತಡವಾದರೆ ಮಾಡಲೇಬೇಡಿ, ಬರಿಯ ಬುಡಕ್ಕೆ ಬೇಸಿಗೆ ಬಿಸಿಲು ಹೊಡೆಯುತ್ತದೆ. ಜೋಯ್ಸಿಯಾವನ್ನು ಕಂದು ಕಡ್ಡಿ ಕಾಣುವಷ್ಟು ಗಿಡ್ಡ ಮಾಡಬೇಡಿ, ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಗಲ ಎಲೆಯದಕ್ಕಂತೂ ಈ ಗಿಡ್ಡ ಕಟಾವೇ ಬೇಡ.

ಆ ಒಂದು ಸಲ ಬಿಟ್ಟರೆ ಮಿಕ್ಕ ದಿನ ಎಲೆಯ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು. ಎಲೆಯೇ ಹುಲ್ಲಿನ ಅಡುಗೆಮನೆ, ಅದು ಹೋದರೆ ಬೇರು ಬೆಳೆಯುವುದು ನಿಲ್ಲುತ್ತದೆ. ಮಾರ್ಚ್ ಮುಗಿಯುತ್ತಾ ಬಂದಂತೆ ಎತ್ತರ ಏರಿಸುತ್ತಾ ಹೋಗಿ, ಏಪ್ರಿಲ್‌ಗೆ ನಾಲ್ಕು ಸೆಂಟಿಮೀಟರ್ ಇರಲಿ. ಬ್ಲೇಡ್ ಸಾಣೆ ಹಿಡಿಸಿ. ಮೊಂಡು ಬ್ಲೇಡ್ ಎಲೆಯನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಮಾರನೆಯ ದಿನ ಲಾನಿನ ಮೇಲೆಲ್ಲ ಬೆಳ್ಳಗೆ ನವಿರು ಎದ್ದಂತೆ ಕಂಡರೆ ಅದೇ ಗುರುತು. ಕತ್ತರಿಸಿದ ಸಣ್ಣ ಎಲೆಗಳನ್ನು ಅಲ್ಲೇ ಬಿಡಿ, ಅವು ಕೊಳೆತು ಸಾರಜನಕ ವಾಪಸ್ ಕೊಡುತ್ತವೆ.

ಗೊಬ್ಬರ ಕೊನೆಗೆ, ಅದೂ ಕಡಿಮೆ

ಹಾನಿ ಅಂತ ಮೊದಲೇ ಹೇಳಿದ್ದು ಇದನ್ನೇ. ವಸಂತದ ಶುರುವಿನಲ್ಲೇ ಯೂರಿಯಾ ಸುರಿದರೆ ಹತ್ತು ದಿನದಲ್ಲಿ ಲಾನ್ ಕಣ್ಣು ಕುಕ್ಕುವಷ್ಟು ಹಸಿರಾಗುತ್ತದೆ. ಹುಲ್ಲು ಬಳ್ಳಿಯಲ್ಲಿ ಕೂಡಿಟ್ಟ ಆಹಾರವನ್ನೆಲ್ಲ ಎಲೆಗೆ ಖರ್ಚು ಮಾಡುತ್ತದೆ, ಬೇರಿಗೆ ಏನೂ ಉಳಿಸುವುದಿಲ್ಲ. ದೊಡ್ಡ ಎಲೆ, ಸಣ್ಣ ಬೇರು, ಮುಂದೆ ಏಪ್ರಿಲ್. ನೀರು ಒಂದು ದಿನ ತಪ್ಪಿದರೂ ಬಾಡಿ ಮಲಗುತ್ತದೆ. ಹಸಿರಿನ ಫೋಟೋ ಹಾಕಿದವರೇ ತಿಂಗಳ ನಂತರ ಹುಲ್ಲು ಯಾಕೆ ಸುಟ್ಟಿತು ಅಂತ ಕೇಳುತ್ತಾರೆ ಅಲ್ವಾ?

ಆದ್ದರಿಂದ ಎರಡು ಸಲ ಕತ್ತರಿಸುವಷ್ಟು ಹೊಸ ಎಲೆ ಬರುವವರೆಗೆ ಕಾಯಿರಿ. ಒಂದು ಸಲಕ್ಕೆ ಚದರ ಮೀಟರಿಗೆ 5 ಗ್ರಾಂ ಸಾರಜನಕ ಅನ್ನುವುದು ಮೇಲಿನ ಮಿತಿ. ಯೂರಿಯಾದಲ್ಲಿ ಶೇ 46 ಸಾರಜನಕ, ಅಂದರೆ 11 ಗ್ರಾಂ ಯೂರಿಯಾ. ಬೇಸಿಗೆ ಹತ್ತಿರವಿರುವಾಗ ಅದರ ಅರ್ಧ ಸಾಕು. 20 ಚದರ ಮೀಟರಿಗೆ 100 ಗ್ರಾಂ, ಒಂದು ದೊಡ್ಡ ಹಿಡಿ, ಅಷ್ಟೇ. ಒಣ ಮರಳಿನಲ್ಲಿ ಬೆರೆಸಿ, ಎಲೆ ಒಣಗಿರುವಾಗ ಎರಚಿ, ತಕ್ಷಣ ನೀರು ಹಾಯಿಸಿ. ಎಲೆಯ ಮೇಲೆ ಉಳಿದ ಕಾಳು ಅಲ್ಲೇ ಸುಡುತ್ತದೆ. ಯೂರಿಯಾ ಬೇಡ ಅನ್ನುವವರು ಜರಡಿ ಹಿಡಿದ ಎರೆಹುಳ ಗೊಬ್ಬರವನ್ನು ಚದರ ಮೀಟರಿಗೆ ಒಂದು ಕಿಲೋ ಕೊಡಬಹುದು. ಅದರ ಸಾರಜನಕ ನಿಧಾನಕ್ಕೆ ಸಿಗುತ್ತದೆ, ನಮಗೆ ಬೇಕಿರುವುದೂ ನಿಧಾನವೇ.

ನೀರು

ಪುಣೆಯ ಕುಡಿಯುವ ನೀರು ಹೆಚ್ಚಾಗಿ ಬರುವುದು ಖಡಕವಾಸಲಾ, ಪಾನಶೇತ್, ವರಸಗಾಂವ್, ಟೇಮಘರ್ ಅಣೆಕಟ್ಟುಗಳಿಂದ. ಹಿಂದಿನ ಮಳೆ ಕೈಕೊಟ್ಟ ವರ್ಷ ಮೇ ತಿಂಗಳಲ್ಲಿ ನಲ್ಲಿಗೇ ಕಡಿತ ಬೀಳುತ್ತದೆ, ಲಾನ್ ಮಾತು ದೂರ. ಆದ್ದರಿಂದ ಕಡಿಮೆ ನೀರಿನಲ್ಲಿ ಬದುಕುವ ಅಭ್ಯಾಸವನ್ನು ಹುಲ್ಲಿಗೆ ಈಗಲೇ ಮಾಡಿಸಬೇಕು.

ಬಹಳ ಮನೆಗಳಲ್ಲಿ ದಿನಾ ಸಂಜೆ ಪೈಪ್ ಹಿಡಿದು ಹತ್ತು ನಿಮಿಷ ಚಿಮುಕಿಸುವ ರೂಢಿ. ಮನಸ್ಸಿಗೆ ಹಿತ, ನಿಜ. ಆದರೆ ಮೇಲಿನ ಎರಡು ಸೆಂಟಿಮೀಟರ್ ಮಾತ್ರ ನೆನೆಯುತ್ತದೆ, ಬೇರೂ ಆ ಎರಡು ಸೆಂಟಿಮೀಟರಿನಲ್ಲೇ ಇರುತ್ತದೆ. ನೀರು ಕೆಳಗಿದ್ದರೆ ಬೇರು ಕೆಳಗೆ ಹೋಗುತ್ತದೆ. ಒಮ್ಮೆಗೆ ಚೆನ್ನಾಗಿ ಕೊಟ್ಟು ಮೂರು ದಿನ ಬಿಡಿ.

ಎಷ್ಟು ಕೊಡಬೇಕು? ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಮಾರ್ಚ್‌ನಲ್ಲಿ ವಾರಕ್ಕೆ 25 ಮಿಲಿಮೀಟರ್ ಸಾಕು, ಏಪ್ರಿಲ್, ಮೇನಲ್ಲಿ 30 ಅಥವಾ ಸ್ವಲ್ಪ ಜಾಸ್ತಿ. 20 ಚದರ ಮೀಟರ್ ಲಾನ್‌ಗೆ 25 ಮಿಲಿಮೀಟರ್ ಅಂದರೆ ವಾರಕ್ಕೆ 500 ಲೀಟರ್. ನಿಮ್ಮ ಪೈಪ್ 15 ಲೀಟರಿನ ಬಕೆಟ್ಟನ್ನು ಒಂದು ನಿಮಿಷದಲ್ಲಿ ತುಂಬಿಸಿದರೆ, ಒಂದು ಸಲಕ್ಕೆ 12 ಮಿಲಿಮೀಟರ್ ಕೊಡಲು 16 ನಿಮಿಷ ಬೇಕು. ಸ್ಪ್ರಿಂಕ್ಲರ್ ಇದ್ದವರು ಅಡುಗೆಮನೆಯ ನೇರ ಗೋಡೆಯ ಸ್ಟೀಲ್ ಡಬ್ಬಿ ನಾಲ್ಕೈದನ್ನು ಲಾನಿನಲ್ಲಿ ಅಲ್ಲಲ್ಲಿ ಇಟ್ಟು ಹದಿನೈದು ನಿಮಿಷ ಬಿಟ್ಟು ಸ್ಕೇಲಿನಲ್ಲಿ ಅಳೆಯಲಿ. ಒಂದು ಡಬ್ಬಿಯಲ್ಲಿ ಎಂಟು, ಇನ್ನೊಂದರಲ್ಲಿ ಎರಡು ಮಿಲಿಮೀಟರ್ ಬಂದರೆ ಆ ಮೂಲೆ ಯಾಕೆ ಯಾವಾಗಲೂ ಒಣಗುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಎರೆಮಣ್ಣು ಬೇಗ ಹೀರುವುದಿಲ್ಲ. ಎಂಟು ನಿಮಿಷ ಬಿಟ್ಟು, ಅರ್ಧ ತಾಸು ನಿಲ್ಲಿಸಿ, ಮತ್ತೆ ಎಂಟು ನಿಮಿಷ ಬಿಡಿ. ಪೋಡಿಯಂ ತೋಟದ ಲೆಕ್ಕ ಬೇರೆ. ಅಲ್ಲಿ ಮಣ್ಣು ತೆಳ್ಳಗೆ, ಕೆಳಗಿನ ಕಾಂಕ್ರೀಟ್ ಕಾಯುತ್ತದೆ, ಆಳಕ್ಕೆ ಕೊಟ್ಟ ನೀರು ಸುಮ್ನೆ ಪೈಪಿನಲ್ಲಿ ಹರಿದು ಹೋಗುತ್ತದೆ. ಅಲ್ಲಿ ಸ್ವಲ್ಪ ಸ್ವಲ್ಪವಾಗಿ, ಎರಡು ದಿನಕ್ಕೊಮ್ಮೆ. ಹೊತ್ತು ಮಾತ್ರ ಇಬ್ಬರಿಗೂ ಬೆಳಗಿನ ಜಾವವೇ.

ದಿನ ಎಣಿಸುವುದಕ್ಕಿಂತ ಹುಲ್ಲನ್ನೇ ಕೇಳುವುದು ಒಳ್ಳೆಯದು. ಲಾನ್ ಮೇಲೆ ನಡೆದು ಹಿಂದೆ ತಿರುಗಿ ನೋಡಿ. ಹೆಜ್ಜೆ ಗುರುತು ಹಾಗೇ ಉಳಿದಿದ್ದರೆ, ಎಲೆಗೆ ಬೂದಿ ಮಿಶ್ರಿತ ನೀಲಿ ಛಾಯೆ ಬಂದಿದ್ದರೆ ಬಾಯಾರಿದೆ ಅಂತ ಅರ್ಥ. ಎಲೆ ಪುಟಿದು ಎದ್ದರೆ ಇನ್ನೊಂದು ದಿನ ಬಿಡಬಹುದು.

ದೊಡ್ಡ ಸೊಸೈಟಿಗಳಲ್ಲಿ ತೋಟಕ್ಕೆ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರಿನ ಶುದ್ಧೀಕರಣ ಘಟಕದಲ್ಲಿ, ಶುದ್ಧ ಮಾಡಿದ ನೀರು ಬರುತ್ತದೆ. ಒಳ್ಳೆಯದೇ, ಅದರಲ್ಲಿ ಸ್ವಲ್ಪ ಪೋಷಕಾಂಶವೂ ಇರುತ್ತದೆ. ಉಪ್ಪು ಎಷ್ಟಿದೆ ನೋಡಿಕೊಳ್ಳಿ. ನೀರಿನಲ್ಲಿ ಕರಗಿದ ಲವಣ ಅಳೆಯಲು ಮನೆಯ ಫಿಲ್ಟರಿಗೆ ತಂದ ಟಿಡಿಎಸ್ ಪೆನ್ನೇ ಸಾಕು. ಲೀಟರಿಗೆ 450 ಮಿಲಿಗ್ರಾಂ ಒಳಗಿದ್ದರೆ ಚಿಂತೆ ಇಲ್ಲ, 2000 ದಾಟಿದರೆ ಅಪಾಯ. ನಡುವೆ ಇದ್ದರೆ ಆಗಾಗ ಒಳ್ಳೆಯ ನೀರಿನಿಂದ ಒಮ್ಮೆ ಚೆನ್ನಾಗಿ ತೊಳೆದು ಉಪ್ಪನ್ನು ಕೆಳಗಿಳಿಸಬೇಕು. ಗರಿಕೆ ಉಪ್ಪನ್ನು ಸಾಕಷ್ಟು ತಡೆದುಕೊಳ್ಳುತ್ತದೆ.

ಕಳೆ, ಹುಳು, ಬೋಳು ಜಾಗ

ಕಳೆಗಳಲ್ಲಿ ಎರಡರ ಮಾತು ಸಾಕು. ಒಂದು ಕೊನ್ನಾರಿ, ಇಲ್ಲಿನವರು ಲವ್ಹಾಳಾ ಅನ್ನುವುದು. ಕತ್ತರಿಸಿದ ಎರಡೇ ದಿನಕ್ಕೆ ಲಾನ್ ಮೇಲೆ ಒಂಟಿಯಾಗಿ ತಲೆ ಎತ್ತಿ ನಿಲ್ಲುತ್ತದೆ, ಕಾಂಡ ಹೊಸಕಿದರೆ ಮೂರು ಮೂಲೆ ಸಿಗುತ್ತವೆ. ಎಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ, ಗಡ್ಡೆ ಕೆಳಗೇ ಉಳಿದು ಮತ್ತೆ ಚಿಗುರುತ್ತದೆ. ಹಸಿ ಮಣ್ಣಿನಲ್ಲಿ ಖುರ್ಪಿ ಇಳಿಸಿ ಗಡ್ಡೆಯ ಸಮೇತ ತೆಗೆಯಬೇಕು. ಈಗ ನಾಲ್ಕಿದ್ದಾಗಲೇ ತೆಗೆದರೆ ಉಂಟು, ಮಳೆಗಾಲದಲ್ಲಿ ನಾನೂರಾಗುತ್ತದೆ. ಇನ್ನೊಂದು ಕಾಂಗ್ರೆಸ್ ಹುಲ್ಲು, ಪಾರ್ಥೇನಿಯಂ. ಇದು ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದೇ ಪುಣೆಯಲ್ಲಿ, 1950ರ ದಶಕದಲ್ಲಿ. ಹೂ ಬಿಡುವ ಮುನ್ನ, ಕೈಗವಸು ಹಾಕಿಕೊಂಡು ಕಿತ್ತರೆ ಮುಗಿಯಿತು. ಬರಿಗೈಯಲ್ಲಿ ಮುಟ್ಟಿದರೆ ಕೆಲವರಿಗೆ ಮೈಯೆಲ್ಲ ತುರಿಕೆ.

ಗೊಣ್ಣೆ ಹುಳುವಿಗೆ ಈಗ ಔಷಧಿ ಹಾಕಿಸಬೇಡಿ, ದುಡ್ಡು ದಂಡ. ಹುಳು ಬೇರು ತಿನ್ನುವುದು ಮಳೆಗಾಲದಲ್ಲಿ. ಈಗ ಅದು ಆಳದ ಮಣ್ಣಿನಲ್ಲಿ ದುಂಬಿಯಾಗಿಯೋ ಕೋಶವಾಗಿಯೋ ಸುಮ್ಮನಿರುತ್ತದೆ. ಮುಂಗಾರಿನ ಮುಂಚಿನ ಮೊದಲ ಜೋರು ಮಳೆ ಬಿದ್ದ ಸಂಜೆ ದುಂಬಿಗಳು ಎದ್ದು ಬೇವು, ಜಾಲಿ ಮರಕ್ಕೆ ಮುತ್ತುತ್ತವೆ. ಆಗ ಟಾರ್ಚ್ ಹಿಡಿದು ಕೊಂಬೆ ಅಲುಗಿಸಿ, ಬಿದ್ದವನ್ನು ಸೋಪಿನ ನೀರಿನ ಬಕೆಟ್ಟಿಗೆ ಹಾಕುವುದು ಯಾವ ಔಷಧಿಗಿಂತಲೂ ಮೇಲು.

ಬೋಳು ಬಿದ್ದ ಜಾಗವನ್ನು ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ತುಂಬಿಸಬಹುದು. ಲಾನಿನದೇ ಅಂಚಿನಿಂದ ಬಳ್ಳಿ ಕಿತ್ತು, ಎರಡು ಮೂರು ಗೆಣ್ಣಿರುವ ತುಂಡು ಮಾಡಿ, ಏಳೆಂಟು ಸೆಂಟಿಮೀಟರಿಗೊಂದರಂತೆ ಊರಿ, ಕಾಲಿನಿಂದ ಒತ್ತಿ, ಮೊದಲ ಎರಡು ವಾರ ದಿನಾ ನೀರು ಕೊಡಿ. ಅಂಗೈಯಗಲದ ಜಾಗಗಳಿಗೆ ಇದು ಸಾಕು. ದೊಡ್ಡ ಬೋಳು ಜಾಗವನ್ನು ಈಗ ಮುಟ್ಟಬೇಡಿ. ಮಣ್ಣು ಸಡಿಲಿಸಿ, ಕಲ್ಲು ಆರಿಸಿ ಹಾಗೇ ಬಿಟ್ಟಿರಿ. ಜೂನ್‌ನಲ್ಲಿ ಮಳೆ ಹಿಡಿದು ನೆಲ ಒಂದು ಗೇಣು ನೆನೆದ ಮೇಲೆ ನೆಟ್ಟರೆ ಟ್ಯಾಂಕರ್ ನೀರೂ ಬೇಡ, ಬಿಸಿಲಿನ ಹೆದರಿಕೆಯೂ ಇಲ್ಲ. ಆದರೆ ಆ ವಾರ ಊರಿನ ಮಾಳಿಗಳೆಲ್ಲ ಬಿಜಿ ಇರುತ್ತಾರೆ. ನಿಮ್ಮವನಿಗೆ ಮೇ ತಿಂಗಳಲ್ಲೇ ಹೇಳಿ ದಿನ ಗೊತ್ತು ಮಾಡಿಕೊಳ್ಳಿ.